ಆಲಪ್ಪುಳ ಟ್ರಿಪ್: ಜಾಗದ ಪಟ್ಟಿ ಆಮೇಲೆ, ದೋಣಿ ಮೊದಲು

ಬಿ.ಸಿ. ರೋಡ್ ಬಸ್ಸಲ್ಲಿ ನಿಂತುಕೊಂಡು ಕೇಳ್ತಾ ಇರುವವರಿಗೆ ಸ್ಪೆಷಲ್ ನಮಸ್ಕಾರ, ನಿಮ್ಮ ಕಷ್ಟ ನನಗೆ ಗೊತ್ತು ಮಾರಾಯ್ರೆ.

ಇವತ್ತು ಟ್ರಿಪ್ ಪ್ಲ್ಯಾನಿಂಗ್ ಬಗ್ಗೆ ಮಾತಾಡೋಣ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಆಲಪ್ಪುಳಕ್ಕೆ. ಅದೇ, ನಾವು ಅಲೆಪ್ಪಿ ಅಂತ ಕರೆಯುವ ಕಾಲುವೆಗಳ ಊರು. ಬರುವ ಜನವರಿಗೆ ನಮ್ಮ ಮನೆಯಿಂದ ನಾಲ್ಕು ಜನ ಹೊರಡ್ತಾ ಇದ್ದೇವೆ: ಅಮ್ಮ, ಅಪ್ಪ, ತಂಗಿ, ನಾನು. ನಾಲ್ಕೂ ಜನ ಒಟ್ಟಿಗೆ ರೈಲು ಹತ್ತುವುದು ಇದೇ ಮೊದಲು.

ಬಿ.ಕಾಂ. ಓದಿದವನು ನಾನು, ಹಾಗಾಗಿ ಮೊದಲು ಲೆಕ್ಕ. ನಮ್ಮ ಅಮ್ಮ ಬೀಡಿ ಕಟ್ಟುತ್ತಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು, ಮನೆಯ ಹೆಂಚು, ತಂಗಿಯ ಚಿನ್ನ ಎಲ್ಲ ಬಂದದ್ದು ಆ ಸೂಪಿನಿಂದಲೇ ಅಂತ ಕೇಳುಗರಿಗೆ ಹೇಳಬೇಕಾಗಿಲ್ಲ. ಅಮ್ಮನಿಗೆ ಸಂಬಳದ ರಜೆ ಇಲ್ಲ. ಮೂರು ದಿನ ಕಟ್ಟದಿದ್ರೆ ಮೂರು ದಿನದ ಮಜೂರಿ ಇಲ್ಲ. ಕಾಲೇಜಲ್ಲಿ ಇದಕ್ಕೆ ಆಪರ್ಚುನಿಟಿ ಕಾಸ್ಟ್ ಅಂತ ಕಲಿಸಿದ್ರು. ಟಿಕೆಟ್, ರೂಮು, ಊಟದ ಜೊತೆ ಇದನ್ನೂ ಬಜೆಟ್ಟಿನಲ್ಲಿ ಬರೆದೆ. ಬರೆದ ಮೇಲೆ ಪ್ರಶ್ನೆಯೇ ಬದಲಾಯ್ತು. ‘ಅಲ್ಲಿ ಏನೇನು ನೋಡಬಹುದು’ ಅನ್ನೋದು ಹೋಗಿ, ‘ಅಮ್ಮ ಬಿಟ್ಟುಕೊಡುವ ಮೂರು ದಿನಕ್ಕೆ ತಕ್ಕದ್ದು ಏನು’ ಅಂತ ಆಯ್ತು.

ತಂಗಿಯ ಉತ್ತರ ರೆಡಿ ಇತ್ತು: ಹೌಸ್‌ಬೋಟ್. ಒಂದು ರಾತ್ರಿ ಹೌಸ್‌ಬೋಟ್, ನಾಲ್ಕು ರೀಲ್ಸ್, ಮುಗೀತು. ತಪ್ಪಿಲ್ಲ, ಅಲೆಪ್ಪಿ ಅಂದ್ರೆ ಎಲ್ಲರ ಕಣ್ಣಿಗೂ ಮೊದಲು ಬರುವುದು ಅದೇ. ಆದ್ರೆ ಅದರ ದಿನಚರಿ ನೋಡಿ. ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಹತ್ತಿಸುತ್ತಾರೆ, ಮರುದಿನ ಬೆಳಗ್ಗೆ 9ಕ್ಕೆ ಇಳಿಸುತ್ತಾರೆ. ಸಂಜೆ ಐದೂವರೆ ಹೊತ್ತಿಗೆ ದೋಣಿ ದಡಕ್ಕೆ ಕಟ್ಟಲೇಬೇಕು, ಯಾಕಂದ್ರೆ ಆಮೇಲೆ ಮೀನುಗಾರರು ಬಲೆ ಹಾಕುವ ಹೊತ್ತು. ಊಟಕ್ಕೆ ನಿಲ್ಲಿಸುವ ಸಮಯ ಕಳೆದ್ರೆ, ಆ 21 ಗಂಟೆಯಲ್ಲಿ ನೀರಿನ ಮೇಲೆ ಚಲಿಸುವುದು ಹೆಚ್ಚುಕಡಿಮೆ ಐದು ಗಂಟೆ. ಲೆಕ್ಕಕ್ಕೆ ಬಾಡಿಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. ಚಲಿಸುವ ಒಂದು ಗಂಟೆಗೆ 2,000 ಆಯ್ತು. ಉಳಿದದ್ದು ತೇಲುವ ಲಾಡ್ಜು.

ದುಡ್ಡಿನ ಮಾತು ಬಿಡಿ, ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು ಉಂಟು. ದೊಡ್ಡ ಹೌಸ್‌ಬೋಟ್ ಸಣ್ಣ ಕಾಲುವೆಗೆ ಹೋಗುವುದೇ ಇಲ್ಲ, ಹಿಡಿಸುವುದಿಲ್ಲ. ಅದು ಓಡುವುದು ವೆಂಬನಾಡ್ ಕಾಯಲಿನಲ್ಲಿ, ಅಗಲವಾದ ದಾರಿಗಳಲ್ಲಿ. ಅಂದ್ರೆ ಕಾಲುವೆಗಳ ಊರಿಗೆ ಹೋಗಿ, ಕಾಲುವೆ ನೋಡದೆ ಬರುವ ಸಾಧ್ಯತೆ ಉಂಟು. ಕಾಲುವೆ ಬೇಕಾದ್ರೆ ಶಿಕಾರ ಬೇಕು, ಇಲ್ಲ ಹುಟ್ಟು ಹಾಕುವ ಸಣ್ಣ ದೋಣಿ ಬೇಕು. ಹಾಗಾಗಿ ನನ್ನ ಮೊದಲ ಮಾತು ಇದು: ಜಾಗದ ಪಟ್ಟಿ ಮಾಡುವ ಮುಂಚೆ ದೋಣಿ ಯಾವುದು ಅಂತ ತೀರ್ಮಾನ ಮಾಡಿ. ನೀವು ಏನು ನೋಡ್ತೀರಿ ಅನ್ನೋದನ್ನು ದೋಣಿಯ ಗಾತ್ರವೇ ನಿರ್ಧರಿಸುತ್ತೆ.

ಆಲಪ್ಪುಳಕ್ಕೆ ‘ಪೂರ್ವದ ವೆನಿಸ್’ ಅಂತ ಹೆಸರು ಅಲ್ವಾ? ಆ ಅಸಲಿ ವೆನಿಸ್‌ನಲ್ಲಿ ಏನಾಯ್ತು ನೋಡಿ. 2021ರ ಆಗಸ್ಟಿನಿಂದ ದೊಡ್ಡ ಕ್ರೂಸ್ ಹಡಗುಗಳು ಊರಿನ ಮಧ್ಯದ ಜುಡೆಕ್ಕಾ ಕಾಲುವೆಗೆ ಬರುವ ಹಾಗಿಲ್ಲ ಅಂತ ಸರ್ಕಾರ ನಿಷೇಧ ಹಾಕಿತು. 2024ರಲ್ಲಿ, ಜನ ಹೆಚ್ಚಿರುವ ದಿನಗಳಲ್ಲಿ ಬಂದು ಅದೇ ದಿನ ವಾಪಸ್ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಶುರು ಮಾಡಿದ್ರು. ನೀರಿನ ಊರು ದೊಡ್ಡ ಹಡಗನ್ನು ಎಷ್ಟು ದಿನ ಅಂತ ತಡೆದುಕೊಳ್ಳುತ್ತೆ?

ಇನ್ನು, ದೋಣಿ ಆರಿಸುವಾಗ ಗುಂಪಿನಲ್ಲಿ ಯಾರ ಮೊಣಕಾಲು ಎಲ್ಲರಿಗಿಂತ ವೀಕ್ ಅಂತ ನೋಡಿ, ಅವರಿಂದ ಶುರು ಮಾಡಿ. ನಮ್ಮಲ್ಲಿ ಅದು ಅಮ್ಮ. ವರ್ಷಗಟ್ಟಲೆ ನೆಲದಲ್ಲಿ ಕೂತು ಬೀಡಿ ಕಟ್ಟಿದ ಕಾಲು. ಸಣ್ಣ ದೋಣಿ ಚಂದ ಹೌದು, ಆದ್ರೆ ತಗ್ಗಿನಲ್ಲಿ ಕೂರಬೇಕು, ಹತ್ತಿ ಇಳಿಯುವಾಗ ಅದು ಅಲ್ಲಾಡುತ್ತೆ. ಶಿಕಾರದಲ್ಲಿ ಮೇಲೆ ಮಾಡು ಉಂಟು, ಕೂರಲು ಸೀಟು ಉಂಟು. ಹಾಗಾಗಿ ನಮಗೆ ಶಿಕಾರ, ಬೆಳಗ್ಗೆ ಬೇಗ, ಮೂರು ಗಂಟೆ. ಮಾತಾಡುವಾಗ ಮೂರು ವಿಷಯ ಸ್ಪಷ್ಟ ಕೇಳಿ: ಸಣ್ಣ ಕಾಲುವೆಗೆ ಹೋಗ್ತದಾ, ಲೈಫ್ ಜಾಕೆಟ್ ಎಲ್ಲರಿಗೂ ಉಂಟಾ, ಮಧ್ಯೆ ಶೌಚಾಲಯಕ್ಕೆ ನಿಲ್ಲಿಸ್ತಾರಾ. ಮೂರನೇ ಪ್ರಶ್ನೆ ಕೇಳಲು ನಾಚಿಕೆ ಬೇಡ. ಅದಕ್ಕೆ ಉತ್ತರ ಇಲ್ಲ ಅಂತಾದ್ರೆ ಅಮ್ಮಂದಿರು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ.

ಎರಡನೇ ದೋಣಿ ಸರ್ಕಾರದ್ದು. ಕೇರಳದ ಜಲ ಸಾರಿಗೆ ಇಲಾಖೆಯ ಬೋಟುಗಳು ಆಲಪ್ಪುಳ ಜೆಟ್ಟಿಯಿಂದ ಹೊರಡುತ್ತವೆ, ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡಿನ ಹತ್ತಿರವೇ. ನಮಗೆ ಹೇಗೆ ಧರ್ಮಸ್ಥಳ ಬಸ್ಸೋ, ಅಲ್ಲಿಯವರಿಗೆ ಆ ಬೋಟು. ಶಾಲೆ ಮಕ್ಕಳು, ಮೀನು ತಕ್ಕೊಂಡು ಹೋಗುವವರು, ಆಸ್ಪತ್ರೆಯಿಂದ ವಾಪಸ್ ಬರುವ ಅಜ್ಜಿ, ಎಲ್ಲ ಅದರಲ್ಲೇ. ಕೊಟ್ಟಾಯಂವರೆಗೆ ಹೋದ್ರೆ ಸುಮಾರು ಎರಡೂವರೆ ಗಂಟೆ. ಅಷ್ಟು ಹೊತ್ತು ಬೇಡ ಅಂದ್ರೆ ನೆಡುಮುಡಿಗೆ ಹೋಗಿ ವಾಪಸ್ ಬನ್ನಿ. ಟಿಕೆಟ್ ದರ ಹೆಚ್ಚುಕಡಿಮೆ ಬಸ್ಸಿನ ಹಾಗೆಯೇ. ಒಂದು ವಿನಂತಿ: ರಶ್ ಟೈಮಿನಲ್ಲಿ ಹೋಗಿ ಕಿಟಕಿ ಸೀಟು ಹಿಡಿದು ಕೂರಬೇಡಿ. ಅವರಿಗೆ ಅದು ಟೂರ್ ಅಲ್ಲ, ಮನೆಗೆ ಹೋಗುವ ದಾರಿ.

ಆ ದಾರಿಯಲ್ಲಿ ಸಿಗುವುದು ಕುಟ್ಟನಾಡ್. ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಊರು. ಸುತ್ತ ಬದು ಕಟ್ಟಿ, ನೀರು ಪಂಪ್ ಮಾಡಿ ಹೊರಗೆ ಹಾಕಿ ಬಿತ್ತುತ್ತಾರೆ. ಕೆಲವು ಕಡೆ ಗದ್ದೆಗಿಂತ ಕಾಲುವೆಯ ನೀರೇ ಎತ್ತರದಲ್ಲಿ ಇರುತ್ತೆ. 2018ರ ನೆರೆಗೆ ಇಡೀ ಪ್ರದೇಶ ಮುಳುಗಿ, ಜನರನ್ನೇ ಖಾಲಿ ಮಾಡಿಸಬೇಕಾಯ್ತು. ನೇತ್ರಾವತಿ ದಡದ ನಮಗೆ ಇದು ಅರ್ಥ ಆಗದ ವಿಷಯ ಅಲ್ಲ. ಬಂಟ್ವಾಳ ಪೇಟೆಯಲ್ಲಿ 1974ರ ನೆರೆಯ ಕತೆ ಹೇಳುವ ಹಿರಿಯರು ಈಗಲೂ ಇದ್ದಾರೆ. ನಮ್ಮ ಪೇಟೆ, ಪಾಣೆಮಂಗಳೂರು, ಎರಡೂ ಒಂದು ಕಾಲದಲ್ಲಿ ಮಂಗಳೂರಿಗೆ ದೋಣಿಯಲ್ಲಿ ಸರಕು ಸಾಗಿಸಿ ಬೆಳೆದ ಊರುಗಳೇ. ಹಾಗಾಗಿ ಕಾಲುವೆ ಬದಿಯ ಮೆಟ್ಟಿಲಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಮುಖಕ್ಕೆ ಫೋನ್ ಹಿಡಿಯುವ ಮುಂಚೆ ಒಂದು ಸಲ ಯೋಚನೆ ಮಾಡಿ. ಅದು ಅವರ ಅಂಗಳ. ನಮ್ಮ ಬಾವಿಕಟ್ಟೆಗೆ ಬಂದು ಯಾರಾದ್ರೂ ವಿಡಿಯೊ ಮಾಡಿದ್ರೆ ಸುಮ್ಮನಿರ್ತೇವಾ?

ಈಗ ರೈಲು. ಮಂಗಳೂರು ಸೆಂಟ್ರಲ್‌ನಿಂದ ತಿರುವನಂತಪುರಕ್ಕೆ ಹೋಗುವ ಎಲ್ಲ ರೈಲೂ ಆಲಪ್ಪುಳಕ್ಕೆ ಹೋಗಲ್ಲ, ಕೆಲವು ಕೊಟ್ಟಾಯಂ ದಾರಿ ಹಿಡಿಯುತ್ತವೆ. ಮಾವೇಲಿ ಎಕ್ಸ್‌ಪ್ರೆಸ್ ಮತ್ತು ಮಂಗಳೂರಿನ ವಂದೇ ಭಾರತ್ ಆಲಪ್ಪುಳ ದಾರಿಯವು. ಮಾವೇಲಿ ಸಂಜೆ ಹೊರಟು ಬೆಳಕಾಗುವ ಮುಂಚೆಯೇ ಇಳಿಸುತ್ತೆ. ಫ್ರೆಂಡ್ಸ್ ಆದ್ರೆ ಓಕೆ, ಅಪ್ಪ ಅಮ್ಮ ಇದ್ದಾಗ ಆ ಹೊತ್ತಿಗೆ ರೂಮು ಸಿಗದೆ ಪ್ಲ್ಯಾಟ್‌ಫಾರ್ಮಿನಲ್ಲಿ ಕೂರುವುದು ಬೇಡ. ವಂದೇ ಭಾರತ್ ಬೆಳಗ್ಗೆ ಬೇಗ ಹೊರಡುತ್ತೆ, ಮಧ್ಯಾಹ್ನದ ಹೊತ್ತಿಗೆ ಅಲ್ಲಿರ್ತೀರಿ. ಬಂಟ್ವಾಳದವರು ಒಂದು ರಿಕ್ಷಾ ಹೇಳಿಟ್ಟರೆ ತಲುಪಬಹುದು. ಬೆಳ್ತಂಗಡಿ, ಮೂಡುಬಿದಿರೆಯವರು ಮೊದಲ ಬಸ್ಸನ್ನು ನಂಬಬೇಡಿ, ಹಿಂದಿನ ರಾತ್ರಿ ಮಂಗಳೂರಿನ ನೆಂಟರ ಮನೆ ನೆನಪು ಮಾಡಿಕೊಳ್ಳಿ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ. ಸಮಯ, ಓಡದ ದಿನ ಎಲ್ಲ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ನಮ್ಮ ಪ್ಲ್ಯಾನ್ ಇಷ್ಟೇ. ಮೊದಲ ದಿನ ಊಟ, ನಿದ್ದೆ, ಸಂಜೆ ಬೀಚು. ಅಲ್ಲಿ 1862ರಲ್ಲಿ ಕಟ್ಟಿದ ಹಳೆ ಕಡಲ ಸೇತುವೆಯ ಕಂಬಗಳು ಇನ್ನೂ ನಿಂತಿವೆ. ಎರಡನೇ ದಿನ ಬೆಳಗ್ಗೆ ಶಿಕಾರ, ಮಧ್ಯಾಹ್ನ ರೆಸ್ಟ್, ಆಮೇಲೆ ರಶ್ ಶುರುವಾಗುವ ಮುಂಚೆ ಸರ್ಕಾರಿ ಬೋಟು. ಮೂರನೇ ದಿನ ಅಂಬಲಪ್ಪುಳ ಕೃಷ್ಣ ದೇವಸ್ಥಾನ, ಅಲ್ಲಿನ ಹಾಲುಪಾಯಸ ಅಪ್ಪನ ಡಿಮಾಂಡ್. ಗಂಡಸರು ಅಂಗಿ ತೆಗೆದು ಪಂಚೆ ಉಟ್ಟು ಹೋಗಬೇಕು. ಧರ್ಮಸ್ಥಳದಲ್ಲಿ ಅಂಗಿ ತೆಗೆದು ಅಭ್ಯಾಸ ಇರುವವರಿಗೆ ಇದೇನು ಹೊಸದಲ್ಲ. ರಾತ್ರಿ ಮಾವೇಲಿ ಹತ್ತಿದ್ರೆ ಬೆಳಗ್ಗೆ ಮಂಗಳೂರು.

ಅಮ್ಮನ ಡಿಮಾಂಡ್ ಏನು ಅಂತ ಕೇಳಿದೆ. ‘ಅಲ್ಲಿಯ ಹೆಂಗಸರು ಎಂತ ಕೆಲಸ ಮಾಡ್ತಾರೆ, ಅದನ್ನು ನೋಡಬೇಕು’ ಅಂದ್ರು. ಯಾವ ಟ್ರಾವೆಲ್ ವಿಡಿಯೊದಲ್ಲೂ ಈ ಪಾಯಿಂಟ್ ನಾನು ಕೇಳಿರಲಿಲ್ಲ. ಆಲಪ್ಪುಳ ಅಂದ್ರೆ ತೆಂಗಿನ ನಾರಿನ ಊರು. ಕಾಯರ್ ಚಾಪೆಯ ಮೊದಲ ಕಾರ್ಖಾನೆ ಅಲ್ಲಿ 1859ರಲ್ಲಿ ಶುರುವಾಯ್ತು. ಹಗ್ಗ ಹೊಸೆಯುವ ಕೆಲಸದಲ್ಲಿ ಹೆಚ್ಚಿನವರು ಹೆಂಗಸರು. ಹಾಗಾಗಿ ಮೂರನೇ ದಿನಕ್ಕೆ ಕಲವೂರಿನ ಕಾಯರ್ ಮ್ಯೂಸಿಯಂ ಸೇರಿಸಿದೆ, ಹೊರಡುವ ಮುಂಚೆ ತೆರೆದಿದೆಯಾ ಅಂತ ಫೋನ್ ಮಾಡಿ ಕೇಳ್ತೇನೆ. ದಾರಿಯಲ್ಲಿ ನಾರು ಹೊಸೆಯುವ ಮನೆ ಸಿಕ್ಕಿ ಅವರು ಒಪ್ಪಿದ್ರೆ, ಅಮ್ಮ ಅವರ ಜೊತೆ ಕೂತು ಮಾತಾಡಲಿ. ಇಬ್ಬರಿಗೂ ಭಾಷೆ ಬೇರೆ. ಆದ್ರೆ ‘ಸಾವಿರಕ್ಕೆ ಎಷ್ಟು ಕೊಡ್ತಾರೆ’ ಅನ್ನುವ ಪ್ರಶ್ನೆಗೆ ಬೆರಳು ಸಾಕು.

ತಂಗಿಗೂ ನ್ಯಾಯ ಆಗಬೇಕಲ್ಲ, ಹೌಸ್‌ಬೋಟಿನಿಂದ ಉಳಿದ ದುಡ್ಡಲ್ಲಿ ಕಾಲುವೆ ಪಕ್ಕದ ಹೋಂಸ್ಟೇ ಅಂತ ಒಪ್ಪಂದ ಆಗಿದೆ. ರೀಲ್ಸ್‌ಗೆ ಜಾಗ ಉಂಟು.

ನೀವು ಪ್ಲ್ಯಾನ್ ಮಾಡುವಾಗ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಊರು ಸುತ್ತಿದವರ ಹತ್ತಿರ ಮೊದಲು ಕೇಳಿ, ಏನು ನೋಡಬೇಕು ಅಂತ. ಅವರು ಏನಂದ್ರು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಿನಲ್ಲಿ ಕೇಳಿಸ್ತೇನೆ.