ವಿಂಟರ್ ಟೈರಾ, ಆಲ್ ಸೀಸನ್ನಾ? ದೆಹಲಿಯ ಕಾರು, ಸಿಸ್ಸುವಿನ ಹಿಮ

ಡಿಸೆಂಬರ್ ಹತ್ತಿರ ಬಂತು ಅಂದ್ರೆ ದೆಹಲಿ, ಗುರುಗ್ರಾಮ, ನೊಯ್ಡಾ ಕಡೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ. "ಮನಾಲಿಗೆ ಕಾರಲ್ಲೇ ಹೊರಟಿದ್ದೀವಿ, ಹಿಮ ಇರುತ್ತಂತೆ. ವಿಂಟರ್ ಟೈರ್ ಹಾಕಿಸಬೇಕಾ, ಆಲ್ ಸೀಸನ್ ಸಾಕಾ?" ಉತ್ತರ ಕೊಡೋರು ಹತ್ತು ಜನ. ಅವರಲ್ಲಿ ಹಿಮದ ಮೇಲೆ ಗಾಡಿ ಓಡಿಸಿದವರು ಒಬ್ಬರೋ ಇಬ್ಬರೋ. ಎರಡು ವರ್ಷದ ಹಿಂದಿನವರೆಗೂ ಆ ಉಳಿದ ಎಂಟು ಜನರಲ್ಲಿ ನಾನೂ ಒಬ್ಬ.

ಆ ಚಳಿಗಾಲ ಅಮ್ಮ ದಾವಣಗೆರೆಯಿಂದ ನಮ್ಮನೆಗೆ ಬಂದಿದ್ರು. 71 ವರ್ಷ. ಒಂದು ಸಲ ಹಿಮ ಮುಟ್ಟಿ ನೋಡಬೇಕು ಅನ್ನೋದು ಅವರ ಆಸೆ. ಸರಿ, ಹೊರಟ್ವಿ. ಹೊರಡೋ ಮುಂಚೆ ಟೈರ್ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಟೈರಿನ ಪಕ್ಕದಲ್ಲಿ ಬರೆದಿದ್ದ 'ಎಂ ಪ್ಲಸ್ ಎಸ್' ಅನ್ನೋ ಗುರುತು ತೋರಿಸಿದ. "ಮಡ್ ಅಂಡ್ ಸ್ನೋ ಸಾರ್, ಆಲ್ ಸೀಸನ್, ಎಲ್ಲಿ ಬೇಕಾದ್ರೂ ಹೋಗಿ" ಅಂದ. ನಾನು ನಂಬಿದೆ. ನಂಬೋಕೆ ಇಷ್ಟ ಇತ್ತು ಅಂತಲೂ ಹೇಳಬಹುದು, ಯಾಕಂದ್ರೆ ಖರ್ಚು ಉಳೀತು.

ಮನಾಲಿಯಿಂದ ಮೇಲೆ ಅಟಲ್ ಸುರಂಗ ಇದೆಯಲ್ಲ, 2020ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಗಿದ್ದು, 9 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಉದ್ದ. ಈ ಕಡೆ ಬಾಯಿಂದ ಒಳಗೆ ಹೋಗಿ ಆ ಕಡೆ ಹೊರಗೆ ಬಂದ್ರೆ ಲಾಹೌಲ್ ಕಣಿವೆ. ಎರಡೂ ಬಾಯಿಗಳು ಸಮುದ್ರಮಟ್ಟದಿಂದ 3,000 ಮೀಟರಿಗಿಂತ ಮೇಲೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಸಿಸ್ಸು. ಬೆಳಿಗ್ಗೆ ಬಿಸಿಲಿತ್ತು, ರಸ್ತೆಯ ಹಿಮ ಸರಿಸಿದ್ರು, ಗಾಡಿ ಆರಾಮವಾಗಿ ಹೋಯ್ತು. ಅಮ್ಮ ಹಿಮ ಮುಟ್ಟಿದ್ರು, ಕೈ ಮರಗಟ್ಟಿತು, ನಕ್ಕರು. ವಾಪಸ್ ಹೊರಟಾಗ ನಾಲ್ಕು ಗಂಟೆ. ಬೆಟ್ಟದ ನೆರಳು ಬಿದ್ದಿದ್ದ ಒಂದು ಇಳಿಜಾರಿನ ತಿರುವು. ರಸ್ತೆ ಬರೀ ಒದ್ದೆಯಾಗಿದೆ ಅಂತ ಕಂಡಿತು. ಬ್ರೇಕ್ ಒತ್ತಿದೆ. ಪಾದದ ಕೆಳಗೆ ಎಬಿಎಸ್ ದಡದಡ ಅಂತಿದೆ, ಗಾಡಿ ಮಾತ್ರ ನಿಲ್ತಿಲ್ಲ. ಸ್ಟೀರಿಂಗ್ ತಿರುಗಿಸಿದರೂ ನೇರವಾಗೇ ಜಾರಿಕೊಂಡು ಹೋಯ್ತು. ಪುಣ್ಯಕ್ಕೆ ಬೆಟ್ಟದ ಕಡೆಗೆ ಜಾರಿತು. ಯಂತ್ರದವರು ಅಂಚಿಗೆ ಒಟ್ಟಿದ್ದ ಹಿಮದ ಗುಡ್ಡೆಗೆ ಹೂತುಕೊಂಡು ನಿಂತಿತು. ಇನ್ನೊಂದು ಕಡೆಗೆ ಜಾರಿದ್ರೆ ನದಿ.

ಹಿಂದಿನ ಸೀಟಿನಿಂದ ಅಮ್ಮ ಹೇಳಿದ್ದು ಒಂದೇ ಮಾತು: "ಯಾಕಪ್ಪ, ಬ್ರೇಕ್ ಹಾಕಲಿಲ್ವಾ?"

ಹಿಂದೆ ಬಂದ ಪಿಕಪ್ ಗಾಡಿಯ ಡ್ರೈವರ್, ಅಲ್ಲಿಯವನೇ, ಇಳಿದು ಬಂದು ನನ್ನ ಟೈರಿಗೆ ಉಗುರು ಒತ್ತಿ ನೋಡಿದ. ಕಲ್ಲಿನ ಹಾಗಿದೆ, ಇದರಲ್ಲಿ ಯಾಕೆ ಬಂದ್ರಿ ಅಂತ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕ್ತಾ ತಿಳ್ಕೊಂಡಿದ್ದನ್ನೇ ಇವತ್ತು ಹೇಳ್ತಿದ್ದೀನಿ.

ಮೊದಲು ಗುರುತಿನ ವಿಷಯ. ಎಂ ಪ್ಲಸ್ ಎಸ್ ಅನ್ನೋದು ಟೈರ್ ತಯಾರಕರು ತಾವೇ ಹಾಕಿಕೊಳ್ಳೋ ಗುರುತು. ಅದಕ್ಕೆ ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು ಅಂತೇನಿಲ್ಲ, ಪಟ್ಟೆಗಳ ವಿನ್ಯಾಸ ಒಂದು ರೀತಿ ಇದ್ರೆ ಸಾಕು. ನಿಜವಾದ ಗುರುತು ಬೇರೆ ಇದೆ: ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಅದು ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿದ ಟೈರಿಗೆ ಮಾತ್ರ. ಜರ್ಮನಿಯಲ್ಲಿರೋ ನಮ್ಮವರಿಗೆ ಇದು ಗೊತ್ತಿರುತ್ತೆ. ಅಲ್ಲಿ 2024ರ ಅಕ್ಟೋಬರ್‌ನಿಂದ ಬರೀ ಎಂ ಪ್ಲಸ್ ಎಸ್ ಇದ್ರೆ ಅದನ್ನು ಚಳಿಗಾಲದ ಟೈರ್ ಅಂತ ಒಪ್ಪಲ್ಲ. ಅವರು ಒಪ್ಪದ ಗುರುತನ್ನ ನಂಬಿಕೊಂಡು ನಾನು ಅಮ್ಮನ್ನ ಕೂರಿಸಿಕೊಂಡು ಹೋಗಿದ್ದೆ.

ಇನ್ನು ರಬ್ಬರ್. ದೆಹಲಿಯ ಜನವರಿಯಲ್ಲಿ ನಮ್ಮನೆ ತೆಂಗಿನೆಣ್ಣೆ ಬಾಟಲಿ ಏನಾಗುತ್ತೆ ಅಂತ ನಿಮಗೆ ಗೊತ್ತು, ಬಿಸಿನೀರಲ್ಲಿ ಇಡದೆ ಒಂದು ಹನಿ ಬರಲ್ಲ. ರಬ್ಬರ್ ಹಾಗೆ ಒಂದೇ ಸಲ ಹೆಪ್ಪುಗಟ್ಟಲ್ಲ, ಆದರೆ ಚಳಿ ಹೆಚ್ಚಾದಷ್ಟೂ ಗಟ್ಟಿಯಾಗ್ತಾ ಹೋಗುತ್ತೆ. ನಮ್ಮಲ್ಲಿ ಹೊಸ ಕಾರಿನ ಜೊತೆ ಬರೋ ಟೈರುಗಳು ಬಹುಮಟ್ಟಿಗೆ ಯುರೋಪಿನವರ ಲೆಕ್ಕದಲ್ಲಿ ಬೇಸಿಗೆ ಟೈರುಗಳು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅವು ರಸ್ತೆಯನ್ನ ಹಿಡಿಯೋ ಶಕ್ತಿ ಕಳ್ಕೊಳ್ತಾ ಬರ್ತವೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುತ್ತೆ. ಅದರ ಮೈಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳಿರ್ತವೆ, ಅವುಗಳ ಅಂಚು ಹಿಮವನ್ನ ಕಚ್ಚಿ ಹಿಡಿಯುತ್ತೆ. ಆಲ್ ಸೀಸನ್ ಟೈರ್ ಇವೆರಡರ ನಡುವಿನ ರಾಜಿ. ಚೆನ್ನಾಗಿರೋದಕ್ಕೆ ಬೆಟ್ಟ-ಹಿಮದ ಗುರುತೂ ಇರುತ್ತೆ. ಆದರೆ ಗಟ್ಟಿ ಚಳಿಯಲ್ಲಿ ವಿಂಟರ್ ಟೈರಿಗೆ ಸಮ ಅಲ್ಲ, ಸುಡೋ ಬಿಸಿಲಲ್ಲಿ ಬೇಸಿಗೆ ಟೈರಿಗೂ ಸಮ ಅಲ್ಲ.

ಹಾಗಾದ್ರೆ ದೆಹಲಿಯವರು ವಿಂಟರ್ ಟೈರ್ ತಗೋಬೇಕಾ? ನನ್ನ ಮಟ್ಟಿಗೆ ಬೇಡ. ನಿಮ್ಮ ಕಾರು ವರ್ಷದ ಎಷ್ಟು ಬೆಳಿಗ್ಗೆ ಎಲ್ಲಿ ನಿಂತಿರುತ್ತೆ ಅಂತ ಲೆಕ್ಕ ಹಾಕಿ. ಇಲ್ಲಿ ಜನವರಿಯ ಕೆಲವು ಮುಂಜಾನೆ 7 ಡಿಗ್ರಿಗಿಂತ ಕೆಳಗೆ ಹೋಗಬಹುದು, ಆದರೆ ರಸ್ತೆ ಒಣಗಿರುತ್ತೆ, ಮಧ್ಯಾಹ್ನದ ಹೊತ್ತಿಗೆ ಬಿಸಿಲು. ಮೇ ತಿಂಗಳಲ್ಲಿ 45 ಡಿಗ್ರಿ. ಆ ಡಾಂಬರಿನ ಮೇಲೆ ವಿಂಟರ್ ಟೈರ್ ಬೇಗ ಸವೆಯುತ್ತೆ, ಬ್ರೇಕ್ ಹಾಕಿದಾಗ ಗಾಡಿ ನಿಲ್ಲೋದಕ್ಕೂ ಹೆಚ್ಚು ದೂರ ಬೇಕಾಗುತ್ತೆ. ಎರಡು ದಿನದ ಹಿಮಕ್ಕೋಸ್ಕರ ಉಳಿದ ದಿನಗಳ ಸುರಕ್ಷತೆ ಕಳ್ಕೊಂಡ ಹಾಗೆ. ಎರಡು ಸೆಟ್ ಇಟ್ಟುಕೊಂಡು ಬದಲಾಯಿಸ್ತೀನಿ ಅಂದ್ರೆ ಫ್ಲ್ಯಾಟ್‌ನಲ್ಲಿ ನಾಲ್ಕು ಟೈರ್ ಎಲ್ಲಿ ಇಡ್ತೀರಿ? ಬಾಲ್ಕನಿಯಲ್ಲಿ ಈಗಾಗಲೇ ಕೂಲರ್ ಇದೆ. ಸಾಲದ್ದಕ್ಕೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನ ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಹಾಗಾಗಿ ನಿಮ್ಮ ಗಾಡಿಯ ಅಳತೆಗೆ ಸಿಗೋದೇ ಕಷ್ಟ.

ಶ್ರೀನಗರಕ್ಕೋ ಲೇಹ್‌ಗೋ ವರ್ಗವಾಗಿ ಹೋಗಿರೋ ನಮ್ಮವರೂ ಇದ್ದಾರೆ, ಸೇನೆಯಲ್ಲಿ, ಬ್ಯಾಂಕಿನಲ್ಲಿ. ಅವರ ಮಾತು ಬೇರೆ. ಅಲ್ಲಿ ಚಳಿಗಾಲ ಪೂರ್ತಿ ಗಾಡಿ ಓಡಿಸೋದಾದ್ರೆ ವಿಂಟರ್ ಟೈರೇ ಸರಿ. ಹಾಕಿಸೋದಾದ್ರೆ ನಾಲ್ಕೂ ಹಾಕಿಸಿ. ದುಡ್ಡು ಉಳಿಸೋಕೆ ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದ್ರೆ ಮುಂಭಾಗ ಹಿಡಿಯುತ್ತೆ, ಹಿಂಭಾಗ ಜಾರುತ್ತೆ, ತಿರುವಿನಲ್ಲಿ ಗಾಡಿಯೇ ತಿರುಗಿ ನಿಲ್ಲುತ್ತೆ.

ನನ್ನದು ಫೋರ್ ಬೈ ಫೋರ್, ನನಗೇನೂ ಆಗಲ್ಲ ಅಂತ ಒಬ್ಬರಾದ್ರೂ ಹೇಳ್ತಾರೆ. ಫೋರ್ ಬೈ ಫೋರ್ ಗಾಡಿಯನ್ನ ಮುಂದಕ್ಕೆ ಎಳೆಯೋಕೆ ಸಹಾಯ ಮಾಡುತ್ತೆ. ಬ್ರೇಕ್ ಅಂತೂ ಎಲ್ಲಾ ಕಾರಲ್ಲೂ ನಾಲ್ಕು ಚಕ್ರಕ್ಕೇ ಇರುತ್ತೆ. ನಿಲ್ಲಿಸೋದು ಟೈರು.

ಹಿಮ ನೋಡಲೇಬೇಕು ಅನ್ನೋರಿಗೆ ಚೈನ್ ಇದೆ. ಇಂಜಿನ್ ಶಕ್ತಿ ಯಾವ ಚಕ್ರಕ್ಕೆ ಹೋಗುತ್ತೋ ಅದಕ್ಕೆ ಹಾಕಬೇಕು. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರ. ಮನೆ ಕೆಳಗಿನ ಪಾರ್ಕಿಂಗ್‌ನಲ್ಲಿ ಒಂದು ಸಲ ಹಾಕಿ ಬಿಚ್ಚಿ ಅಭ್ಯಾಸ ಮಾಡಿ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಬೆರಳಿಗೆ ಸ್ಪರ್ಶ ಇಲ್ಲದಿರುವಾಗ, ಕೈಪಿಡಿ ಓದ್ತಾ ಕೂರೋಕಾಗಲ್ಲ. ಹಿಮ ಮುಗಿದು ಬರೀ ಡಾಂಬರು ಬಂದ ಕೂಡಲೇ ಬಿಚ್ಚಬೇಕು.

ಗಾಳಿಯ ಬಗ್ಗೆ ಒಂದು ಮಾತು, ನನಗೆ ಇದು ಬಹಳ ಮಜಾ ಅನ್ನಿಸ್ತು. ಚಳಿಗೆ ಟೈರಿನ ಒತ್ತಡ ಇಳಿಯುತ್ತೆ, ಸುಮಾರು 5-6 ಡಿಗ್ರಿಗೆ ಒಂದು ಪಿಎಸ್‌ಐ. ಆದರೆ ಎತ್ತರಕ್ಕೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡವೂ ಕಡಿಮೆ ಆಗೋದ್ರಿಂದ ಮೀಟರ್‌ನಲ್ಲಿ ಮೂರು ಸಾವಿರ ಮೀಟರಿಗೆ ನಾಲ್ಕು ಪಿಎಸ್‌ಐನಷ್ಟು ಏರುತ್ತೆ. ಒಂದನ್ನೊಂದು ಹೆಚ್ಚು ಕಡಿಮೆ ಹೊಡೆದು ಹಾಕುತ್ತೆ. ಹಾಗಾಗಿ ದೆಹಲಿಯಲ್ಲಿ ಕೂತು ಲೆಕ್ಕ ಹಾಕೋಕೆ ಹೋಗಬೇಡಿ, ಅಲ್ಲಿ ಬೆಳಿಗ್ಗೆ ಗಾಡಿ ಹೊರಡಿಸೋ ಮುಂಚೆ ಅಳತೆ ನೋಡಿ.

ಮುಂಬೈ, ಪುಣೆಯವರಿಗೆ ಈ ಆಯ್ಕೆಯ ತಲೆನೋವೇ ಇಲ್ಲ, ನಿಮ್ಮ ಶತ್ರು ಮಳೆ ನೀರು. ಕಾನೂನು 1.6 ಮಿಲಿಮೀಟರ್ ಪಟ್ಟೆ ಇದ್ರೆ ಸಾಕು ಅನ್ನುತ್ತೆ. ಘಾಟಿಯಲ್ಲಿ ಓಡಾಡೋರು 3 ಮಿಲಿಮೀಟರಿಗೇ ಬದಲಾಯಿಸಿ. ಚೆನ್ನೈ, ಹೈದರಾಬಾದಿನವರು ಟೈರಿನ ವಯಸ್ಸು ನೋಡಿ. ಡಿಓಟಿ ಅಂತ ಇರೋ ಸಾಲಿನ ಕೊನೆಯ ನಾಲ್ಕು ಅಂಕಿ, 3521 ಅಂದ್ರೆ 2021ರ 35ನೇ ವಾರ ತಯಾರಾಗಿದ್ದು. ನನ್ನ ಟೈರನ್ನ ವಾಪಸ್ ಬಂದ ಮೇಲೆ ನೋಡಿದೆ, ಏಳು ವರ್ಷದ್ದು. ಪಿಕಪ್‌ನವನ ಉಗುರು ಸರಿಯಾಗೇ ಹೇಳಿತ್ತು.

ಕಳೆದ ವರ್ಷ ಅಮ್ಮ ಮತ್ತೆ ಬಂದ್ರು, ಮತ್ತೆ ಹಿಮ ಅಂದ್ರು. ಈ ಸಲ ಕಾರನ್ನ ಮನಾಲಿಯ ಹೋಟೆಲಿನಲ್ಲೇ ಬಿಟ್ವಿ. ಅಲ್ಲಿಂದ ಮುಂದಕ್ಕೆ ಅಲ್ಲಿಯದೇ ಟ್ಯಾಕ್ಸಿ. ಡ್ರೈವರ್ ಎರಡೂವರೆಗೇ "ನೆರಳು ಬೀಳುತ್ತೆ, ಹೊರಡೋಣ" ಅಂತ ಎಬ್ಬಿಸಿದ. ಅಮ್ಮನಿಗೆ ಇನ್ನೂ ಅರ್ಧ ಗಂಟೆ ಇರಬೇಕಿತ್ತು, ಸ್ವಲ್ಪ ಬೇಜಾರಾದ್ರು. ನಾನು ಮಾತ್ರ ಓಡಿ ಹೋಗಿ ಮೊದಲು ಗಾಡಿ ಹತ್ತಿದೆ.