ಕಿವಿಯೂ ದುಡಿಮೆಗಾರನ ಆಸ್ತಿ

(ಗಿರಣಿ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಮಗ್ಗದ ಖಾತೆಯಲ್ಲಿ ವರ್ಷಗಟ್ಟಲೆ ದುಡಿದವರು ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. ಅವರ ಗಂಟಲೇ ಹಾಗೆಂದು ನಾವು ನಗುತ್ತೇವೆ. ಗಂಟಲಲ್ಲ, ಕಿವಿ ಕೆಟ್ಟಿದೆ! ಎಡೆಬಿಡದ ಸದ್ದಿಗೆ ಒಳಗಿವಿಯ ನವಿರು ಕೋಶಗಳು ಸಾಯುತ್ತವೆ. ಸತ್ತವು ಮತ್ತೆ ಹುಟ್ಟವು. ಔಷಧಿಯಿಲ್ಲ, ಆದರೆ ತಡೆಯಬಹುದು. ಹಿಟ್ಟಿನ ಗಿರಣಿ, ಪಾತ್ರೆ ಬಡಿಯುವ ಅಂಗಡಿ ನಡೆಸುವ ವ್ಯಾಪಾರಿ ಮಿತ್ರರಿಗೂ ಈ ಮಾತು ಸಲ್ಲುತ್ತದೆ.

ಕೇಳುವ ಶಕ್ತಿಯನ್ನು ಅಳೆಯುವ ವಿದ್ಯೆಯೇ ಶ್ರವಣಶಾಸ್ತ್ರ. ಎರಡನೆಯ ಮಹಾಯುದ್ಧದಲ್ಲಿ ಕಿವಿ ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದಲ್ಲಿ ಅದು ಬೆಳೆಯಿತು. ನಮ್ಮಲ್ಲಿ 1960ರ ದಶಕದಲ್ಲಿ ಮುಂಬಯಿ, ಮೈಸೂರುಗಳಲ್ಲಿ ಶಿಕ್ಷಣ ಆರಂಭವಾಯಿತು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಡೆಯುವುದು ಕೇಂದ್ರ ಸರ್ಕಾರದ ಹಣದಿಂದ, ಅಂದರೆ ನಮ್ಮ ತೆರಿಗೆಯಿಂದ. 1992ರ ಕಾಯಿದೆ ಈ ವೃತ್ತಿಯವರಿಗೆ ನೋಂದಣಿಯನ್ನೂ ವಿಧಿಸಿತು.

ವೃತ್ತಿ ಬೆಳೆದದ್ದು ಸಂತೋಷ. ಆದರೆ ಅದು ದೊಡ್ಡ ಊರಿನ ಆಸ್ಪತ್ರೆಯಲ್ಲಿ, ಶ್ರವಣಯಂತ್ರ ಮಾರುವ ಅಂಗಡಿಯಲ್ಲಿ ನಿಂತರೆ ಸಾಕೆ? 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಗೆ ಸದ್ದಿನ ಕಿವುಡೂ ಸೇರಿತ್ತು. ಅಳೆಯುವವನೇ ಬಾರದಿದ್ದರೆ ರುಜುವಾತು ಎಲ್ಲಿಂದ? ಪರಿಹಾರ ಎಲ್ಲಿಂದ?

ಆದ್ದರಿಂದ ನಾವು ಕೇಳೋಣ: ವರ್ಷಕ್ಕೊಮ್ಮೆ ಪಾಳಿಯ ವೇಳೆಯಲ್ಲೇ ಕಿವಿಯ ಪರೀಕ್ಷೆ, ಅದರ ಚೀಟಿ ಕೆಲಸಗಾರನ ಕೈಗೆ, ಸದ್ದು ತಗ್ಗಿಸುವ ಖರ್ಚು ಮಾಲೀಕನ ಮೇಲೆ. ಕೂಲಿಗೆ ಬೆವರು ಕೊಟ್ಟಿದ್ದೇವೆ; ಕಿವಿ ಕೊಡುವ ಕರಾರು ಮಾಡಿಲ್ಲ.