ನೂರೆಂದರೆ ಐನೂರು: ಡಾಕಾರಿನ ಬೆರಕೆ ಮಾತು

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶ, ಡಾಕಾರ್ ನಗರದ ಸಂತೆ. ಬೆಲೆ ಕೇಳಿದರೆ ವ್ಯಾಪಾರಿ ವೊಲೊಫ್ ಭಾಷೆಯಲ್ಲಿ ‘ತೇಮೇರ್’ ಎನ್ನುತ್ತಾನೆ, ಅಂದರೆ ನೂರು. ನೂರು ಫ್ರಾಂಕ್ ಕೊಟ್ಟರೆ ಸಾಲದು, 500 ಕೊಡಬೇಕು. ವೊಲೊಫ್‌ನಲ್ಲಿ ಹಣದ ಲೆಕ್ಕ ‘ದೆರೆಮ್’. ಒಂದು ದೆರೆಮ್‌ಗೆ ಐದು ಫ್ರಾಂಕ್. ಅದೇ ವ್ಯಾಪಾರಿ ಫ್ರೆಂಚಿಗೆ ಹೊರಳಿದರೆ ಐನೂರು ಎಂದೇ ಹೇಳುತ್ತಾನೆ. ಒಂದೇ ಬಾಯಲ್ಲಿ ಎರಡು ಭಾಷೆ, ಎರಡು ಲೆಕ್ಕ.

ಈ ಬೆರಕೆ ಶಾಲೆ ಕಲಿತ ಹೊಸ ಹುಡುಗರ ಶೋಕಿ ಎಂದು ಮೂಗು ಮುರಿಯುವವರು ಅಲ್ಲಿಯೂ ಇದ್ದಾರೆ. ಆದರೆ ಇದರ ಬೇರು ಹುಡುಕುತ್ತಾ ಹೋದರೆ ಶಾಲೆ ಸಿಗುವುದಿಲ್ಲ, ಬಂದರು ಸಿಗುತ್ತದೆ.

1659ರಲ್ಲಿ ಫ್ರೆಂಚರು ಸೆನೆಗಲ್ ನದಿಯ ಮುಖದ ದ್ವೀಪವೊಂದರಲ್ಲಿ ಸೇಂಟ್ ಲೂಯಿ ಕಟ್ಟಿದರು. ವೊಲೊಫ್ ಜನ ಅದನ್ನು ‘ನ್ದಾರ್’ ಎಂದರು. ಅಲ್ಲಿ ಫ್ರೆಂಚ್ ವರ್ತಕರೊಡನೆ ಸಂಸಾರ ಹೂಡಿ, ತಾವೂ ವ್ಯಾಪಾರ ನಡೆಸಿದ ಸ್ಥಳೀಯ ಹೆಂಗಸರಿಗೆ ‘ಸಿನ್ಯಾರ್’ ಎಂದು ಹೆಸರು. ಅಂಥ ಮನೆಗಳ ಅಂಗಳದಲ್ಲಿ ಎರಡು ಭಾಷೆ ಒಟ್ಟಿಗೆ ಬಾಳಿದವು. ಬೆಂಕಿಪೊಟ್ಟಣದ ಕಡ್ಡಿಗೆ ಫ್ರೆಂಚಿನ ‘ಅಲ್ಯುಮೆಟ್’ ಸವೆದು ‘ಅಲ್ಮೆಟ್’ ಆಯಿತು. ವೊಲೊಫ್‌ಗೆ ಎರವಲು ಹೊಸತೂ ಅಲ್ಲ. ಅದರ ಸೋಮವಾರ ‘ಅಲ್ತಿನೆ’ ಅರಬ್ಬಿಯಿಂದ ಬಂದದ್ದು.

1817ರಲ್ಲಿ ಜಾನ್ ದಾರ್ ಎಂಬ ಫ್ರೆಂಚ್ ಮೇಷ್ಟ್ರು ಸೇಂಟ್ ಲೂಯಿಯಲ್ಲಿ ಶಾಲೆ ತೆರೆದು, ಮಕ್ಕಳಿಗೆ ವೊಲೊಫ್‌ನಲ್ಲೇ ಪಾಠ ಹೇಳಿದರು. ಅವರು ಹೊರಟ ಮೇಲೆ ಆ ಕ್ರಮ ನಿಂತಿತು. ಮುಂದೆ ವಸಾಹತು ಶಾಲೆಗಳಲ್ಲಿ ತಾಯ್ನುಡಿ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ‘ಸಾಂಬೋಲ್’ ಎಂಬ ಅವಮಾನದ ಗುರುತು ತೂಗುಹಾಕುವ ಪದ್ಧತಿ ಬಂತು. ಭಾಷೆಗಳ ನಡುವೆ ಗೋಡೆ ಎಬ್ಬಿಸಿದ್ದು ಶಾಲೆ. ಅಷ್ಟರಲ್ಲಿ ಮಾತು ಬೆರೆತಾಗಿತ್ತು.

ಸಾಕ್ಷಿಗೆ ಒಂದು ಪುಸ್ತಕವೇ ಇದೆ. 1864ರಲ್ಲಿ ಲೂಯಿ ದೆಸ್‌ಮೆ ಸುಮಾರು 1,200 ಫ್ರೆಂಚ್ ವಾಕ್ಯಗಳಿಗೆ ಎದುರಾಗಿ ಸೇಂಟ್ ಲೂಯಿಯ ಬೆರಕೆ ವೊಲೊಫ್ ಕೊಟ್ಟರು. ಫಿಯೋನಾ ಮೆಕ್‌ಲಾಕ್ಲಿನ್ ಎಂಬ ಭಾಷಾವಿಜ್ಞಾನಿ ಇದನ್ನು ಓದಿ, ಇಂದಿನ ನಗರದ ವೊಲೊಫ್‌ಗೆ ಆ ಊರೇ ತೌರು ಎಂದು ವಾದಿಸಿದರು. 1902ರಲ್ಲಿ ಫ್ರೆಂಚ್ ಪಶ್ಚಿಮ ಆಫ್ರಿಕಾದ ರಾಜಧಾನಿ ಸೇಂಟ್ ಲೂಯಿಯಿಂದ ಡಾಕಾರಿಗೆ ಬಂತು. ಹಳೆಯ ರಾಜಧಾನಿಯ ಮಾತೂ ಜೊತೆಗೆ ಬಂತು.

ಬೆರಕೆಯಲ್ಲೂ ಯಜಮಾನಿಕೆ ಯಾರದು, ಗಮನಿಸಿ. ಫ್ರೆಂಚಿನಲ್ಲಿ ನಾಮಪದದ ಮುಂದೆ ನಿಲ್ಲುವ ‘ಲ’ ಬಿದ್ದುಹೋಗಿ, ಹಿಂದೆ ವೊಲೊಫ್‌ನ ‘ಬಿ’ ಸೇರುತ್ತದೆ: ‘ಮಾರ್ಶೆ ಬಿ’, ಅಂದರೆ ಆ ಸಂತೆ. ನಾವು ‘ಬಸ್ಸಿಗೆ’ ಎಂದು ವಿಭಕ್ತಿ ಹಚ್ಚುವ ಹಾಗೆ. ಪದ ಅವರದು, ವ್ಯಾಕರಣ ಇವರದು.

1960ರಲ್ಲಿ ಸ್ವಾತಂತ್ರ್ಯ ಬಂದಾಗ ಅಧಿಕೃತ ಭಾಷೆ ಫ್ರೆಂಚೇ ಆಯಿತು. ಉಸ್ಮಾನ್ ಸೆಂಬೆನ್ 1975ರಲ್ಲಿ ತೆಗೆದ ‘ಖಾಲಾ’ ಚಿತ್ರದಲ್ಲಿ ಸಿರಿವಂತ ತಂದೆ ಫ್ರೆಂಚಿನಲ್ಲಿ ಮಾತಾಡುತ್ತಾನೆ, ಮಗಳು ವೊಲೊಫ್‌ನಲ್ಲೇ ಉತ್ತರಿಸುತ್ತಾಳೆ. ತಂದೆಗೆ ಸಿಟ್ಟು. ಅವಳಿಗೆ ಫ್ರೆಂಚ್ ಬಾರದೆಂದಲ್ಲ. ಎರಡೂ ಬಲ್ಲವಳಿಗೆ ಯಾವುದನ್ನು ಆಡಬೇಕೆಂಬ ಆಯ್ಕೆಯೂ ಒಂದು ಮಾತೇ.